ತೊಗಟೆಯಿಂದ ಬಿಳಿ ಪುಡಿಯವರೆಗೆ

ಪಿಎಚ್‌.ಡಿ.ಗೆ ನಾನು ಆರಿಸಿಕೊಂಡದ್ದು ತೀರ್ಥಹಳ್ಳಿ ಸೀಮೆಯ ಒಂದು ಕಾಡುಮರದ ತೊಗಟೆಯನ್ನು. ಅದರ ಸಾರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಯೇ, ಕೊಲ್ಲುವುದಾದರೆ ಅದರೊಳಗಿನ ಯಾವ ವಸ್ತು ಆ ಕೆಲಸ ಮಾಡುತ್ತದೆ ಎಂಬುದು ಪ್ರಶ್ನೆ. ವರ್ಷಗಳ ಕೆಲಸದ ಕೊನೆಗೆ ಉತ್ತರ ಸಿಕ್ಕಿತು, ಪದವಿಯೂ ಬಂತು. ನಾನು ಬರೆದ ಪ್ರಬಂಧಗಳೆಲ್ಲ ಇಂಗ್ಲಿಷಿನಲ್ಲಿವೆ. ಈ ವಿಷಯ ಕೇಳಿಕೊಂಡು ನನಗೆ ಫೋನ್ ಮಾಡುವವರೆಲ್ಲ ಹೊಸನಗರ, ಸಾಗರ, ಕೊಪ್ಪ, ಶೃಂಗೇರಿ ಕಡೆಯವರು. ಅವರಿಗೆ ಫೋನಿನಲ್ಲಿ ಅರ್ಧಂಬರ್ಧ ಹೇಳಿದ್ದನ್ನು ಇಲ್ಲಿ ಪೂರ್ತಿ ಹೇಳುತ್ತೇನೆ.

ಮರದ ಹೆಸರನ್ನು ಮಾತ್ರ ಬರೆಯುವುದಿಲ್ಲ. ನಮ್ಮ ಘಟ್ಟದಲ್ಲಿ ದುರ್ವಾಸನೆ ಮರ ಅಂತ ಒಂದಿದೆ, ಹೂ ಬಿಟ್ಟಾಗ ಹತ್ತಿರ ನಿಲ್ಲಲಾಗದಂಥ ನಾತ. 1966ರಲ್ಲಿ ಅಮೆರಿಕದಲ್ಲಿ ಮನ್ರೋ ವಾಲ್ ಮತ್ತು ಮನ್‌ಸುಖ್ ವಾನಿ ಒಂದು ಚೀನೀ ಮರದಿಂದ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕ್ಯಾಂಪ್ಟೋಥೆಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದೇ ವಸ್ತು ನಮ್ಮ ದುರ್ವಾಸನೆ ಮರದಲ್ಲೂ ಇದೆಯೆಂದು 1972ರಲ್ಲಿ ಟಿ. ಆರ್. ಗೋವಿಂದಾಚಾರಿ ಮತ್ತು ಎನ್. ವಿಶ್ವನಾಥನ್ ತೋರಿಸಿದರು. ಅದರಿಂದ ರೂಪಿಸಿದ ಔಷಧಿಗಳು ಮಾರುಕಟ್ಟೆಗೆ ಬಂದು ಬೇಡಿಕೆ ಏರಿದ್ದೇ ತಡ, ಪಶ್ಚಿಮ ಘಟ್ಟದಲ್ಲಿ, ಅದರಲ್ಲೂ ಮಹಾರಾಷ್ಟ್ರದ ಕಡೆ, ಈ ಮರಗಳನ್ನು ಬುಡಸಮೇತ ಕಡಿದು ಸಾಗಿಸಿದರು. ಇದು ಹೆಸರು ಹೇಳದಿರುವುದಕ್ಕೆ ಒಂದು ಕಾರಣ. ಇನ್ನೊಂದು, ಹೆಸರು ಬರೆದ ವಾರದೊಳಗೆ ಯಾರದೋ ಮನೆಯ ಒಲೆಯ ಮೇಲೆ ಆ ತೊಗಟೆ ಕುದಿಯುತ್ತಿರುತ್ತದೆ. ಅದು ಆಗಬಾರದು ಎಂಬುದಕ್ಕೆ ನನ್ನ ಬಳಿ ಗಟ್ಟಿ ಕಾರಣಗಳಿವೆ, ಮುಂದೆ ಬರುತ್ತವೆ.

ಮರ ತೋರಿಸಿದವರು ನಮ್ಮೂರಿನಾಚೆಯ ಗುಡ್ಡದ ಮಗ್ಗುಲಲ್ಲಿರುವ ಒಬ್ಬ ನಾಟಿ ವೈದ್ಯರು. ಊರವರು ಪಂಡಿತರು ಅನ್ನುತ್ತಾರೆ, ನಾನು ಅಜ್ಜ ಅನ್ನುತ್ತೇನೆ. ಮಾಯದ ಹುಣ್ಣು, ಬಾವು, ಹಳೆಯ ಭೇದಿಗೆ ಅವರು ಈ ತೊಗಟೆಯನ್ನು ನೀರಿನಲ್ಲಿ ಕುದಿಸಿ ಕೊಡುತ್ತಾರೆ. ದುಡ್ಡು ಮುಟ್ಟುವುದಿಲ್ಲ. ಮರ ಇದ್ದದ್ದು ಒಂದು ತೋಟದ ಸೊಪ್ಪಿನ ಬೆಟ್ಟದಲ್ಲಿ. ಸೊಪ್ಪು ಕೊಯ್ಯುವ ಸವಲತ್ತು ತೋಟದವರದ್ದಾದರೂ ನೆಲ ಸರ್ಕಾರದ್ದು, ಹಾಗಾಗಿ ಅರಣ್ಯ ಇಲಾಖೆಯ ಅನುಮತಿ ಬೇಕು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿ ಮಟ್ಟದಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ಮತ್ತು ಅವುಗಳ ಬಗೆಗಿನ ತಿಳಿವಳಿಕೆಯ ದಾಖಲೆಯನ್ನು ಅದು ಇಡಬೇಕು. ಆ ಕಾಗದಪತ್ರದ ಓಡಾಟವನ್ನು ಇಲ್ಲಿ ಬೆಳೆಸುವುದಿಲ್ಲ. ಅದು ಬೇಕಾದ ಓಡಾಟ ಅಂತಷ್ಟೇ ಹೇಳುತ್ತೇನೆ, ಯಾಕೆಂದರೆ ತಿಳಿವಳಿಕೆ ಅಜ್ಜನದ್ದು, ಪದವಿ ನನ್ನದು. ಅವರ ಹೆಸರು ಎಲ್ಲಾದರೂ ಬರಹದಲ್ಲಿ ಇರಬೇಕು.

ಕತ್ತಿ ಹಿಡಿದು ಮರದ ಮುಂದೆ ನಿಂತಾಗ ಅಜ್ಜ ಮೊದಲು ಹೇಳಿದ್ದು ಒಂದೇ ಮಾತು: "ಸುತ್ತ ಸುಲೀಬೇಡ ತಂಗಿ, ಮರ ಉಪವಾಸ ಸಾಯ್ತದೆ." ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಉಂಗುರದ ಹಾಗೆ ಸುತ್ತ ಸುಲಿದರೆ ದಾರಿ ಕಡಿದುಹೋಗಿ ಬೇರು ಸಾಯುತ್ತದೆ, ಹಿಂದೆಯೇ ಮರ. ಎಂ.ಎಸ್ಸಿ.ಯಲ್ಲಿ ನಾನು ಚಿತ್ರ ಬರೆದು ಅಂಕ ತೆಗೆದುಕೊಂಡ ವಿಷಯ ಅದು. ಅಜ್ಜನ ಮಾತಿನಂತೆ ಒಂದು ಮಗ್ಗುಲಿನಿಂದ ಉದ್ದಕ್ಕೆ ಸಣ್ಣ ಪಟ್ಟಿ ತೆಗೆದು, ಗಾಯಕ್ಕೆ ಸಗಣಿ ಮಣ್ಣು ಮೆತ್ತಿ ಬಂದೆವು. ಉಳಿದದ್ದನ್ನು ಗಾಳಿಗೆ ಬಿದ್ದ ಕೊಂಬೆಗಳಿಂದ ಹೊಂದಿಸಿಕೊಂಡೆವು. ಹೂವು, ಕಾಯಿ, ಎಲೆ ಇರುವ ಒಂದು ರೆಂಬೆಯನ್ನು ಪೇಪರಿನ ನಡುವೆ ಒತ್ತಿ ಒಣಗಿಸಿ, ಇಂಥ ಮಾದರಿಗಳನ್ನು ಕಾಪಿಡುವ ಹರ್ಬೇರಿಯಂಗೆ ಕೊಟ್ಟೆ. ಯಾವ ಮರ ಅನ್ನುವುದು ನಿಖರವಾಗಿ ದಾಖಲಾಗದಿದ್ದರೆ ಮುಂದಿನ ಪ್ರಯೋಗಕ್ಕೆಲ್ಲ ಬೆಲೆಯಿಲ್ಲ. ನಾಳೆ ಬೇರೊಬ್ಬರು ಪರೀಕ್ಷಿಸಬೇಕೆಂದರೆ ಅವರಿಗೆ ಆ ಹಾಳೆಯೇ ಆಧಾರ.

ತೊಗಟೆ ತಂದದ್ದು ಮಳೆ ಪೂರ್ತಿ ಬಿಟ್ಟ ಮೇಲೆ, ಅಡಿಕೆ ಕೊಯ್ಲಿನ ದಿನಗಳಲ್ಲಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಮಳೆ ಸುರಿಯುತ್ತದೆ. ಆ ಆಸುಪಾಸಿನಲ್ಲಿ ಮಳೆಗಾಲದಲ್ಲಿ ತೊಗಟೆ ಒಣಗಿಸಲು ಹೊರಟರೆ ಒಣಗುವ ಮೊದಲೇ ಬೂಷ್ಟು ಹಿಡಿದು, ಮರದ ವಸ್ತುವೋ ಬೂಷ್ಟಿನ ವಸ್ತುವೋ ತಿಳಿಯದ ಹಾಗಾಗುತ್ತದೆ. ನೇರ ಬಿಸಿಲೂ ಬೇಡ, ಕೆಲವು ವಸ್ತುಗಳು ಬಿಸಿಲಿಗೆ ಒಡೆಯುತ್ತವೆ. ಮನೆಯ ಅಟ್ಟದ ಮೇಲೆ, ಅಡಿಕೆಗೆ ಹಾಸುವ ತಟ್ಟಿಯ ಮೇಲೆಯೇ ಹರವಿದೆವು. ಒಣಗಿ ಪಟಪಟನೆ ಮುರಿಯುವ ಹದಕ್ಕೆ ಬಂದ ಮೇಲೆ ಪುಡಿ ಮಾಡಿಸಿ ಶಿವಮೊಗ್ಗದ ಲ್ಯಾಬಿಗೆ ತಂದೆ.

ಪುಡಿಯಿಂದ ಸಾರ ಇಳಿಸುವುದಕ್ಕೆ ಸಾಕ್ಸ್‌ಲೆಟ್ ಎಂಬ ಗಾಜಿನ ಉಪಕರಣ ಬಳಸುತ್ತೇವೆ. ಕೆಳಗೆ ದ್ರಾವಕ ಕುದಿಯುತ್ತದೆ, ಆವಿ ಮೇಲೇರಿ ತಣಿದು ಪುಡಿಯ ಮೇಲೆ ತೊಟ್ಟಿಕ್ಕುತ್ತದೆ, ಕರಗಿದ್ದನ್ನು ಹೊತ್ತು ಮತ್ತೆ ಕೆಳಗಿಳಿಯುತ್ತದೆ. ಒಂದೇ ಪುಡಿಯನ್ನು ಮೊದಲು ಹೆಕ್ಸೇನಿನಲ್ಲಿ, ಆಮೇಲೆ ಈಥೈಲ್ ಅಸಿಟೇಟಿನಲ್ಲಿ, ಮೆಥನಾಲಿನಲ್ಲಿ, ಕೊನೆಗೆ ನೀರಿನಲ್ಲಿ ಹೀಗೆ ತೆಗೆಯುತ್ತೇವೆ. ಮೊದಲನೆಯದಕ್ಕೆ ಎಣ್ಣೆ, ಮೇಣದ ಜಾತಿಯವು ಬರುತ್ತವೆ. ಕೊನೆಯದಕ್ಕೆ ಸಕ್ಕರೆ, ಬಾಯಿ ಒಗರು ಮಾಡುವ ಟ್ಯಾನಿನ್ ಮೊದಲಾದವು. ಯಾವುದು ಯಾವುದರಲ್ಲಿ ಕರಗುತ್ತದೆ ಅನ್ನುವುದರ ಮೇಲೆಯೇ ಮುಂದಿನದೆಲ್ಲ ನಿಂತಿದೆ. ಇದನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನನ್ನ ಇಡೀ ಕೆಲಸದ ತಿರುಳು ಇದರಲ್ಲೇ ಇದೆ.

ಇನ್ನು ಕೋಶಗಳು. ನಾವು ಬಳಸಿದವು ಪುಣೆಯ ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರದಿಂದ ತರಿಸಿದ ಹೀಲಾ ಮತ್ತು ಸ್ತನ ಕ್ಯಾನ್ಸರಿನಿಂದ ಬಂದ ಎಂಸಿಎಫ್-7 ಎಂಬ ಕೋಶಗಳು. ಹೀಲಾ ಎಂದರೆ 1951ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಗರ್ಭಕೊರಳಿನ ಕ್ಯಾನ್ಸರಿನಿಂದ ತೀರಿಕೊಂಡ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಹೆಣ್ಣುಮಗಳ ಗೆಡ್ಡೆಯಿಂದ ಬಂದ ಕೋಶಗಳು. ಆಕೆಗೆ ಹೇಳದೆ, ಕೇಳದೆ ತೆಗೆದವು. ಇವತ್ತಿಗೂ ಪ್ರಪಂಚದ ಲ್ಯಾಬುಗಳಲ್ಲಿ ಬೆಳೆಯುತ್ತಿವೆ, ನಮ್ಮ ಶಿವಮೊಗ್ಗದಲ್ಲೂ. ಫ್ಲಾಸ್ಕ್ ತೆರೆಯುವಾಗೆಲ್ಲ ನನಗೆ ಆಕೆಯ ನೆನಪಾಗುತ್ತಿತ್ತು. ಹೊಸದಾಗಿ ಬಂದ ವಿದ್ಯಾರ್ಥಿಗಳಿಗೆ ಕೋಶ ಮುಟ್ಟಿಸುವ ಮೊದಲು ಆಕೆಯ ಕಥೆ ಹೇಳುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ಕೋಶ ಸಾಕುವುದು ಹಸುಗೂಸು ಸಾಕಿದಷ್ಟೇ ಕಟ್ಟುನಿಟ್ಟಿನ ಕೆಲಸ. 37 ಡಿಗ್ರಿ ಶಾಖ, ಗಾಳಿಯಲ್ಲಿ ಶೇ. 5 ಇಂಗಾಲದ ಡೈಆಕ್ಸೈಡ್, ಹೊತ್ತು ಹೊತ್ತಿಗೆ ಬದಲಾಯಿಸಬೇಕಾದ ಪೋಷಕ ದ್ರವ. ಮಲೆನಾಡಿನ ಮಳೆಗಾಲದಲ್ಲಿ ಇದು ಎರಡು ಪಟ್ಟು ಕಷ್ಟ. ಗಾಳಿ ಎಂದರೆ ಬೂಷ್ಟಿನ ಬೀಜ. ಕೈ, ಮುಚ್ಚಳ, ಕೋಟಿನ ತೋಳು ಎಲ್ಲಿಂದಲಾದರೂ ಒಂದು ಒಳಗೆ ಸೇರಿದರೆ ಎರಡು ದಿನದಲ್ಲಿ ಫ್ಲಾಸ್ಕಿನ ತುಂಬ ಬಿಳಿ ಎಳೆ. ಆಷಾಢದಲ್ಲಿ ಕರೆಂಟು ಹೋಗಿ ಯುಪಿಎಸ್ ಕೈಕೊಟ್ಟ ರಾತ್ರಿಗಳಲ್ಲಿ ಇನ್‌ಕ್ಯುಬೇಟರಿನ ಬಾಗಿಲು ತೆರೆಯದೆ ಅದರ ಮುಂದೆ ಕುರ್ಚಿ ಹಾಕಿ ಕೂತದ್ದುಂಟು. ಹೊಸ ಅನಿಲ ಸಿಲಿಂಡರಿಗೆ ಕಾದು ಪ್ರಯೋಗಗಳನ್ನು ಮುಂದೂಡಿದ್ದೂ ಉಂಟು.

ಕೊಲ್ಲುವ ಪರೀಕ್ಷೆಗೆ ಎಂಟಿಟಿ ಎಂದು ಹೆಸರು, 1983ರಿಂದ ಬಳಕೆಯಲ್ಲಿದೆ. 96 ಸಣ್ಣ ಗುಳಿಗಳಿರುವ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಕೋಶ ಬಿತ್ತಿ, ಬೇರೆ ಬೇರೆ ಪ್ರಮಾಣದಲ್ಲಿ ಸಾರ ಹಾಕಿ, ಒಂದೆರಡು ದಿನ ಬಿಟ್ಟು ಹಳದಿ ಬಣ್ಣದ ಎಂಟಿಟಿ ಹಾಕುತ್ತೇವೆ. ಬದುಕಿರುವ ಕೋಶ ಅದನ್ನು ನೇರಳೆ ಹರಳಾಗಿ ಮಾರ್ಪಡಿಸುತ್ತದೆ, ಸತ್ತದ್ದಕ್ಕೆ ಆ ಶಕ್ತಿಯಿಲ್ಲ. ಹರಳನ್ನು ಕರಗಿಸಿ ಬಣ್ಣದ ಗಾಢತೆಯನ್ನು ಯಂತ್ರದಲ್ಲಿ ಅಳೆದರೆ ಎಷ್ಟು ಉಳಿದಿವೆ ಅಂತ ಗೊತ್ತಾಗುತ್ತದೆ. ಅರ್ಧದಷ್ಟು ಕೋಶ ಸಾಯುವ ಪ್ರಮಾಣಕ್ಕೆ ಐಸಿ50 ಎನ್ನುತ್ತೇವೆ. ಅದು ಎಷ್ಟು ಕಡಿಮೆಯೋ ವಸ್ತು ಅಷ್ಟು ಪ್ರಬಲ. ಕಚ್ಚಾ ಸಾರವಾದರೆ ಮಿಲಿಲೀಟರಿಗೆ 20 ಮೈಕ್ರೋಗ್ರಾಂ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕೆಳಗಿದ್ದರೆ ಮುಂದುವರಿಯಬಹುದು ಎಂಬುದು ನಮ್ಮ ಕ್ಷೇತ್ರದ ರೂಢಿ.

ಈ ಪರೀಕ್ಷೆಯಲ್ಲಿ ತೊಗಟೆಯ ಸಾರ ಹಾಕುವವರು ತಿಳಿದಿರಲೇಬೇಕಾದ ಒಂದು ಸಂಗತಿ ಇದೆ. ನನ್ನ ಮೆಥನಾಲ್ ಸಾರ ಅಡಿಕೆ ಬೇಯಿಸಿದ ಚೊಗರಿನ ಹಾಗೆ, ಕೈಗೆ ಹತ್ತಿದರೆ ತೊಳೆದರೂ ಹೋಗದ ಕಂದುಗೆಂಪು. ಎರಡರಲ್ಲೂ ಇರುವುದು ಟ್ಯಾನಿನ್. ಈ ಜಾತಿಯ ವಸ್ತುಗಳು ಕೋಶದ ನೆರವಿಲ್ಲದೆ ತಾವೇ ಎಂಟಿಟಿಯನ್ನು ನೇರಳೆಗೆ ತಿರುಗಿಸಬಲ್ಲವು. ಕೋಶವೇ ಇಲ್ಲದ ಗುಳಿಗೆ ಸಾರ ಮತ್ತು ಎಂಟಿಟಿ ಮಾತ್ರ ಹಾಕಿ ನೋಡಿದೆ, ನೇರಳೆ ಬಂತು. ಅಂದರೆ ಯಂತ್ರ ಕೊಡುವ ಅಂಕಿಯನ್ನು ಹಾಗೇ ನಂಬಿದರೆ ಸತ್ತ ಕೋಶಗಳೂ ಬದುಕಿದ್ದಾಗಿ ಲೆಕ್ಕಕ್ಕೆ ಬರುತ್ತವೆ. ಟ್ಯಾನಿನ್ನಿಗೆ ಇನ್ನೊಂದು ಗುಣವೂ ಇದೆ: ಸಿಕ್ಕ ಸಿಕ್ಕ ಪ್ರೊಟೀನಿಗೆ ಅಂಟಿಕೊಂಡು ಅದರ ಕೆಲಸ ಕೆಡಿಸುತ್ತದೆ, ಆಗ ಇಲ್ಲದ ಔಷಧೀಯ ಗುಣ ಇದ್ದಂತೆ ಕಾಣುತ್ತದೆ. ಹೀಗಾಗಿ ಪ್ರತಿ ಪ್ಲೇಟಿನಲ್ಲೂ ಕೋಶವಿಲ್ಲದ ಸಾಲೊಂದನ್ನು ಇಟ್ಟೆ. ಜೊತೆಗೆ ಟ್ರಿಪಾನ್ ಬ್ಲೂ ಹಾಕಿ ಮೈಕ್ರೋಸ್ಕೋಪಿನಡಿ ಸತ್ತ ಕೋಶಗಳನ್ನು ಒಂದೊಂದಾಗಿ ಎಣಿಸಿದೆ. ಸತ್ತದ್ದರ ಒಳಗೆ ಮಾತ್ರ ಆ ನೀಲಿ ಇಳಿಯುತ್ತದೆ. ಕಣ್ಣು ಉರಿಯುವ ಕೆಲಸ. ಆದರೆ ಗಿಡಮೂಲಿಕೆಯ ಸಾರ ಹಿಡಿದುಕೊಂಡವರು ಈ ಎರಡನ್ನೂ ಮಾಡದೆ ಬರೆದ ಪ್ರಬಂಧವನ್ನು ನಾನು ನಂಬುವುದಿಲ್ಲ.

ಫಲಿತಾಂಶ ಹೀಗೆ ಬಂತು. ಈಥೈಲ್ ಅಸಿಟೇಟ್ ಸಾರ ಎರಡೂ ಬಗೆಯ ಕ್ಯಾನ್ಸರ್ ಕೋಶಗಳನ್ನು ಚೆನ್ನಾಗಿ ಕೊಂದಿತು. ಮೆಥನಾಲಿನದ್ದು ಅಲ್ಪಸ್ವಲ್ಪ. ನೀರಿನ ಸಾರ, ಅಂದರೆ ಅಜ್ಜ ಕೊಡುವ ಕಷಾಯಕ್ಕೆ ತೀರ ಹತ್ತಿರವಾದದ್ದು, ಏನೂ ಮಾಡಲಿಲ್ಲ.

ಲ್ಯಾಬಿನಲ್ಲಿ ಎಲ್ಲರೂ ಈಥೈಲ್ ಅಸಿಟೇಟಿನ ಅಂಕಿ ನೋಡಿ ಖುಷಿಪಟ್ಟರು. ನನಗೆ ನೀರಿನ ಸಾಲಿನ ಅಂಕಿಯೇ ತಲೆಯಲ್ಲಿ ಉಳಿಯಿತು, ಅದಕ್ಕೆ ಕಾರಣ ನಮ್ಮ ಚಿಕ್ಕಮ್ಮ.

ನಾನು ಈ ಕೆಲಸಕ್ಕೆ ಸೇರುವ ಮೊದಲು ಚಿಕ್ಕಮ್ಮನಿಗೆ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಯಾರೋ ಹೇಳಿದರೆಂದು ಎಲ್ಲಿಂದಲೋ ತೊಗಟೆ ತರಿಸಿ ಒಂದು ಮಳೆಗಾಲ ಪೂರ್ತಿ ಕಷಾಯ ಕುಡಿದರು. ಬೇರೆಯವರಿಗೆ ಹೇಳಲು ಸಂಕೋಚ, ಆಸ್ಪತ್ರೆ ಎಂದರೆ ಹೆದರಿಕೆ, ಅಡಿಕೆ ಕೊಯ್ಲು ಮುಗಿಯಲಿ ಎಂಬ ಲೆಕ್ಕ, ಎಲ್ಲ ಸೇರಿ ತಡವಾಯಿತು. ಬಯಾಪ್ಸಿ ಆಗುವ ಹೊತ್ತಿಗೆ ಕಂಕುಳಿನ ಗ್ರಂಥಿಗಳಿಗೆ ಹರಡಿತ್ತು. ಕೀಮೋ ಕೊಡುವಾಗ ಒಂದು ದಿನ ನಾನು ಜೊತೆಗಿದ್ದೆ. ನರ್ಸ್ ತಂದ ಬಾಟಲಿಯ ಮೇಲೆ ಪ್ಯಾಕ್ಲಿಟ್ಯಾಕ್ಸೆಲ್ ಎಂದಿತ್ತು. ಅದು ಪೆಸಿಫಿಕ್ ಯೂ ಎಂಬ ಮರದ ತೊಗಟೆಯಿಂದ ಬಂದ ವಸ್ತು, 1971ರಲ್ಲಿ ಅದರ ರಚನೆ ಪ್ರಕಟಿಸಿದ ತಂಡದಲ್ಲೂ ಅದೇ ವಾಲ್ ಮತ್ತು ವಾನಿ ಇದ್ದರು, ಔಷಧಿಯಾಗಿ ಒಪ್ಪಿಗೆ ಸಿಗಲು 1992 ಆಯಿತು ಎಂದು ಚಿಕ್ಕಮ್ಮನಿಗೆ ಹೇಳಿದೆ. ಅವರು ಡ್ರಿಪ್ಪಿನ ಕಡೆ ನೋಡಿ, "ಇದೂ ಮರದ ಸಿಪ್ಪೇದೇನೆ? ಮತ್ತೆ ನಾನು ಕುಡ್ದಿದ್ದೆಂತಕ್ಕೆ ಆಗ್ಲಿಲ್ಲ?" ಎಂದು ಕೇಳಿದರು.

ಆ ಪ್ರಶ್ನೆಗೆ ನನ್ನ ಬಳಿ ಆಗ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದೇ ಇಲ್ಲವೆನ್ನಬಹುದು. ಯೂ ತೊಗಟೆಯನ್ನು ಎಷ್ಟು ಕುದಿಸಿ ಕುಡಿದರೂ ಅದು ಕೆಲಸಕ್ಕೆ ಬರುವಷ್ಟು ರಕ್ತಕ್ಕೆ ಸೇರುವುದಿಲ್ಲ. ಆ ಮರದ ಇತರ ವಿಷಗಳು ಸೇರುತ್ತವೆ, ಹೃದಯಕ್ಕೆ ಕುತ್ತು ತರುತ್ತವೆ. ಅದನ್ನು ರಕ್ತನಾಳಕ್ಕೆ ಇಳಿಸಬೇಕೆಂದು ಹರಳೆಣ್ಣೆಯಿಂದ ಮಾಡಿದ ಒಂದು ದ್ರಾವಕದಲ್ಲಿ, ಆಲ್ಕೋಹಾಲ್ ಬೆರೆಸಿ ಕರಗಿಸಿದರು. ಆ ದ್ರಾವಕ ಕೆಲವರಿಗೆ ಅಲರ್ಜಿ ತರುತ್ತದೆ, ಅದಕ್ಕೇ ಚಿಕ್ಕಮ್ಮನಿಗೆ ಡ್ರಿಪ್ ಏರಿಸುವ ಮುಂಚೆ ಸ್ಟೀರಾಯ್ಡ್ ಕೊಟ್ಟಿದ್ದರು. ಕೋಶ ಒಡೆದು ಎರಡಾಗುವಾಗ ಬೇಕಾಗುವ ಸೂಕ್ಷ್ಮ ನಳಿಕೆಗಳನ್ನು ಈ ಔಷಧಿ ಬಿಗಿದು ನಿಲ್ಲಿಸಿಬಿಡುತ್ತದೆ. 1979ರಲ್ಲಿ ಸೂಸನ್ ಹಾರ್ವಿಟ್ಜ್ ಅವರ ಲ್ಯಾಬಿನಲ್ಲಿ ಇದು ಗೊತ್ತಾಯಿತು. ನರಗಳಲ್ಲೂ ಅದೇ ನಳಿಕೆಗಳಿವೆ, ಚಿಕ್ಕಮ್ಮನ ಬೆರಳ ತುದಿ ಜೋಮು ಹಿಡಿದು ಅಡಿಕೆ ಸುಲಿಯುವ ಕತ್ತಿ ಹಿಡಿಯಲಾಗದೆ ಹೋದದ್ದು ಅದರಿಂದ. ಎಷ್ಟು ಕೊಡಬೇಕು, ಎಷ್ಟು ದಿನ ಬಿಟ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಲೆಕ್ಕವೆಲ್ಲ ಸೇರಿದರೆ ಮಾತ್ರ ಆ ತೊಗಟೆಯ ವಸ್ತು ಔಷಧಿ.

ಆ ವಾರ್ಡಿನಲ್ಲಿ ಇನ್ನೊಂದನ್ನು ಕಂಡೆ. ಪಕ್ಕದ ಗಂಡಸರ ವಾರ್ಡಿನಲ್ಲಿ ಬಾಯಿ ಕ್ಯಾನ್ಸರಿನವರು. ಬಾಯಿ ಎರಡು ಬೆರಳಿನಷ್ಟೂ ತೆರೆಯಲಾಗದವರು, ದವಡೆ ತೆಗೆಸಿಕೊಂಡವರು. ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲನೇ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿಸಿ 2004ರಲ್ಲೇ ವರದಿ ಪ್ರಕಟಿಸಿದೆ, ತಂಬಾಕು ಬೆರೆಯದಿದ್ದರೂ. ನಮ್ಮ ಮನೆಯೂ ಅಡಿಕೆ ಮನೆ, ನನ್ನ ಓದಿನ ಫೀಸು ಕಟ್ಟಿದ್ದು ಅಡಿಕೆ. ಅಪ್ಪನ ಮುಂದೆ ಇದನ್ನು ಹೇಳುವುದು ಸುಲಭವಿರಲಿಲ್ಲ, ಆದರೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಬೆಳೆ ಬಿಡಕ್ಕಾಗಲ್ಲ ಮಗಾ, ಬಾಯಿಗೆ ಹಾಕೋದು ಬಿಡಬಹುದು" ಅಂದರು, ಬಿಟ್ಟರು. ಗಿಡದಿಂದ ಬಂದದ್ದೆಲ್ಲ ಮೈಗೆ ಒಳ್ಳೆಯದು ಎಂಬ ಮಾತು ನಮ್ಮ ಮಲೆನಾಡಿನಲ್ಲಿ ಬಹಳ ಆಳಕ್ಕೆ ಇಳಿದಿದೆ. ಯಾವ ಗಿಡ ಕ್ಯಾನ್ಸರಿಗೆ ಒಳ್ಳೆಯದು ಎಂದು ದಿನಾ ಕೇಳುವ ಜನ, ಯಾವುದು ಅದನ್ನು ತರುತ್ತದೆ ಎಂದು ಕೇಳುವುದು ಕಡಿಮೆ. ನನಗೆ ಇದು ನೋವಿನ ವಿಷಯ.

ಮತ್ತೆ ಲ್ಯಾಬಿಗೆ. ಈಥೈಲ್ ಅಸಿಟೇಟ್ ಸಾರದಲ್ಲಿ ನೂರಾರು ವಸ್ತುಗಳು ಬೆರೆತಿರುತ್ತವೆ. ಅದನ್ನು ಬಿಡಿಸುವುದು ಕಾಲಂ ಕೆಲಸ. ಆಳೆತ್ತರದ ಗಾಜಿನ ಕೊಳವೆಯಲ್ಲಿ ಸಿಲಿಕಾ ತುಂಬಿ, ಮೇಲೆ ಸಾರ ಇಟ್ಟು, ದ್ರಾವಕ ಹರಿಸುತ್ತಾ ಹೋದರೆ ಒಂದೊಂದು ವಸ್ತು ಒಂದೊಂದು ಹೊತ್ತಿಗೆ ಕೆಳಗಿಳಿಯುತ್ತದೆ. ಸಿಲಿಕಾ ತುಂಬುವಾಗ ಒಂದು ಗುಳ್ಳೆ ಉಳಿದರೂ ಸಾಕು, ಪಟ್ಟಿಗಳು ಸೊಟ್ಟಗಾಗಿ ಒಂದರೊಳಗೊಂದು ಬೆರೆಯುತ್ತವೆ. ಇಳಿದ ಪಾಲುಗಳನ್ನೆಲ್ಲ ಮತ್ತೆ ಕೋಶಗಳ ಮೇಲೆ ಹಾಕಿ, ಕೊಲ್ಲುವ ಪಾಲನ್ನು ಮಾತ್ರ ಮುಂದಿನ ಕಾಲಮ್ಮಿಗೆ ಒಯ್ಯುವುದು. ನನಗೆ ಬೇಕಾದ ವಸ್ತು ಅಲ್ಟ್ರಾವಯೊಲೆಟ್ ದೀಪದಡಿ ಕಾಣುತ್ತಲೇ ಇರಲಿಲ್ಲ. ಬೆರೆತ ವಸ್ತುಗಳನ್ನು ಚುಕ್ಕೆಗಳಾಗಿ ಬಿಡಿಸುವ ಟಿಎಲ್‌ಸಿ ಹಾಳೆಗೆ ಅನಿಸಾಲ್ಡಿಹೈಡ್ ಮತ್ತು ಗಂಧಕಾಮ್ಲ ಸಿಂಪಡಿಸಿ ಬಿಸಿ ಮಾಡಿದಾಗ ಒಂದು ನೇರಳೆ ಚುಕ್ಕೆ ಎದ್ದಿತು. ಟ್ರೈಟರ್ಪೀನ್ ಎಂಬ, ಗಿಡಗಳಲ್ಲಿ ಸಿಗುವ ವಸ್ತುಗಳ ಜಾತಿಯದ್ದಿರಬೇಕು ಎಂದು ಗೈಡ್ ಅಂದರು. ಕೆಜಿಗಟ್ಟಲೆ ತೊಗಟೆ ಪುಡಿ ಕೊನೆಗೆ ಒಂದು ಸಣ್ಣ ಸೀಸೆಯ ತಳದಲ್ಲಿ ಮಿಲಿಗ್ರಾಂ ಲೆಕ್ಕದ ಬಿಳಿ ಪುಡಿಯಾಗಿ ನಿಂತಿತು.

ಎನ್‌ಎಂಆರ್‌ಗೆ ಬೆಂಗಳೂರಿಗೆ ಕಳಿಸಿದೆವು. ಇಂಗಾಲ, ಜಲಜನಕದ ಪರಮಾಣುಗಳು ಅಣುವಿನಲ್ಲಿ ಹೇಗೆ ಕೂತಿವೆ ಎಂದು ಅದು ತೋರಿಸುತ್ತದೆ. ಚಿತ್ರ ಬಂದ ದಿನ 109 ಮತ್ತು 150ರ ಬಳಿ ಎರಡು ಗೆರೆಗಳನ್ನು ನೋಡಿದ್ದೇ ಗೈಡ್ ಕಪಾಟಿನಿಂದ ಹಳೆಯ ಪ್ರಬಂಧವೊಂದನ್ನು ತೆಗೆದು ಪಕ್ಕದಲ್ಲಿಟ್ಟರು. ಗೆರೆಗೆ ಗೆರೆ ಹೊಂದಿತು. ಬೆಟುಲಿನಿಕ್ ಆಸಿಡ್. ಅಣುತೂಕ 456.7. ಬರ್ಚ್ ಮರದ ತೊಗಟೆಯಲ್ಲೂ ಇದೆ, ಬೇರೆ ಎಷ್ಟೋ ಗಿಡಗಳಲ್ಲೂ ಇದೆ. 1995ರಲ್ಲಿ ಚಿಕಾಗೋದ ಒಂದು ತಂಡ ನಮ್ಮ ಎಲಚಿ ಮರದ ತೊಗಟೆಯಿಂದಲೇ ಇದನ್ನು ತೆಗೆದು, ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಕೋಶಗಳನ್ನು ಕೊಲ್ಲುತ್ತದೆಂದು ತೋರಿಸಿತ್ತು.

ಹೊಸ ಅಣು ಸಿಗುತ್ತದೆಂದು ಆಸೆಪಟ್ಟಿದ್ದೆ, ಸಿಗಲಿಲ್ಲವೆಂದು ಅತ್ತುಬಿಟ್ಟೆ. ಬಚ್ಚಿಡುವುದೇನಿಲ್ಲ, ಈ ಕ್ಷೇತ್ರದಲ್ಲಿ ಬಹುಪಾಲು ಜನರಿಗೆ ಸಿಗುವುದು ಗೊತ್ತಿರುವ ಅಣುವೇ. ಆದರೆ ಆ ಸಂಜೆ ಅಣುವಿನ ಬಗ್ಗೆ ಓದುತ್ತಾ ಕೂತಾಗ ನೀರಿನ ಸಾಲಿನ ರಹಸ್ಯ ಬಿಡಿಸಿಕೊಂಡಿತು. ಬೆಟುಲಿನಿಕ್ ಆಸಿಡ್ ನೀರಿನಲ್ಲಿ ಕರಗುವುದು ಇಲ್ಲವೆನ್ನುವಷ್ಟು ಕಡಿಮೆ. ಪ್ಲೇಟಿನಲ್ಲಿ ಅದನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿ ಹಾಕುತ್ತಿದ್ದೆ, ಪ್ರಮಾಣ ಹೆಚ್ಚಾದರೆ ಅಲ್ಲೂ ಸೂಜಿಯಂಥ ಹರಳಾಗಿ ತಳ ಸೇರುತ್ತಿತ್ತು. ನಾನು ಕಂಡುಕೊಂಡ ವಸ್ತು ಅಜ್ಜನ ಕಷಾಯದಲ್ಲಿ ಇರಲು ಸಾಧ್ಯವೇ ಇಲ್ಲ.

ಮುಂದಿನ ಪ್ರಯೋಗಗಳು ಇದಕ್ಕಿಂತ ಮುಖ್ಯವಾದದ್ದನ್ನು ಕಲಿಸಿದವು. ಪ್ಲೇಟಿನಲ್ಲಿ ಕ್ಯಾನ್ಸರ್ ಕೋಶ ಕೊಲ್ಲುವುದು ದೊಡ್ಡ ವಿಷಯವಲ್ಲ. ಉಪ್ಪು ಹೆಚ್ಚಾದರೆ ಸಾಯುತ್ತದೆ, ಸಾಬೂನಿಗೂ ಸಾಯುತ್ತದೆ. ಒಳ್ಳೆಯ ಕೋಶವನ್ನು ಉಳಿಸುತ್ತದೆಯೇ ಎಂಬುದು ಪ್ರಶ್ನೆ. ಒಪ್ಪಿಗೆ ಪಡೆದು ಆರೋಗ್ಯವಂತರಿಂದ ತೆಗೆದ ರಕ್ತದ ಬಿಳಿ ಕಣಗಳ ಮೇಲೆ ಪರೀಕ್ಷಿಸಿದಾಗ ಕಚ್ಚಾ ಸಾರ ಅವನ್ನೂ ಸರಿಸಮ ಕೊಂದಿತು. ಶುದ್ಧ ಬಿಳಿ ಪುಡಿ ಸ್ವಲ್ಪ ವ್ಯತ್ಯಾಸ ತೋರಿಸಿತು. ಅದಾದ ಮೇಲೆ ಪ್ರಮಾಣದ ಲೆಕ್ಕ. ದ್ರವದಲ್ಲಿ ವಸ್ತು ಎಷ್ಟಿದೆ ಎಂಬುದನ್ನು ನಾವು ಮೈಕ್ರೋಮೋಲಾರ್ ಎಂಬ ಅಳತೆಯಲ್ಲಿ ಹೇಳುತ್ತೇವೆ; ಹತ್ತು ಮೈಕ್ರೋಮೋಲಾರ್ ಎಂದರೆ ಈ ಅಣುವಿಗೆ ಲೀಟರಿಗೆ ಸುಮಾರು 4.6 ಮಿಲಿಗ್ರಾಂ. ಪ್ಲೇಟಿನ ಕೋಶ ಅದರಲ್ಲಿ ದಿನಗಟ್ಟಲೆ ಮುಳುಗಿರುತ್ತದೆ. ಮೈಯೊಳಗೆ ಹಾಗಲ್ಲ: ಕರುಳು ಹೀರಬೇಕು, ಯಕೃತ್ತು ಒಡೆಯುತ್ತದೆ, ರಕ್ತದ ಪ್ರೊಟೀನು ಹಿಡಿದಿಟ್ಟುಕೊಳ್ಳುತ್ತದೆ, ಉಳಿದದ್ದು ಗೆಡ್ಡೆಯವರೆಗೆ ತಲುಪಬೇಕು. ಕ್ಯಾಂಪ್ಟೋಥೆಸಿನ್ ಕಥೆಯೂ ಇಲ್ಲೇ ಎಡವಿತ್ತು. ಅದು ನೀರಿನಲ್ಲಿ ಕರಗದೆಂದು ಮೊದಲ ಬಾರಿ ಸೋಡಿಯಂ ಲವಣವಾಗಿ ರೋಗಿಗಳಿಗೆ ಕೊಟ್ಟರು. ಲವಣ ಮಾಡುವಾಗ ಅಣುವಿನ ಒಂದು ಉಂಗುರ ತೆರೆದುಕೊಂಡು ಶಕ್ತಿ ಕುಂದಿತು, ಮೂತ್ರಕೋಶದಲ್ಲಿ ರಕ್ತಸ್ರಾವ ತಂದಿತು, 70ರ ದಶಕದಲ್ಲಿ ಪ್ರಯೋಗ ನಿಲ್ಲಿಸಿದರು. ಅದು ಟೋಪೋಐಸೊಮರೇಸ್ ಎಂಬ ಕಿಣ್ವವನ್ನು ತಡೆದು ಕೋಶ ಕೊಲ್ಲುತ್ತದೆಂದು 1985ರಲ್ಲಿ ಗೊತ್ತಾದ ಮೇಲೆ, ಉಂಗುರ ಕೆಡದಂತೆ ಕರಗುವ ಗುಣ ಸೇರಿಸಿ ಟೋಪೋಟೆಕಾನ್, ಇರಿನೋಟೆಕಾನ್ ಎಂಬ ಔಷಧಿಗಳನ್ನು ಮಾಡಿ 1996ಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಪಡೆದರು. ಮೂವತ್ತು ವರ್ಷ, ಒಂದೇ ಅಣು, ಅದೂ ಅಷ್ಟು ಪ್ರಬಲವಾದದ್ದು.

ಪ್ರಬಂಧ ಬರೆಯುವಾಗ ಕೊನೆಯ ವಾಕ್ಯಕ್ಕೆ ನಾನೂ ಗೈಡೂ ಬಹಳ ಹೊತ್ತು ಚರ್ಚಿಸಿದೆವು. ಈ ಸಸ್ಯ ಕ್ಯಾನ್ಸರಿಗೆ ಭರವಸೆಯ ಔಷಧಿಯಾಗಬಲ್ಲದು ಎಂದು ಬರೆಯುವುದು ರೂಢಿ. ಆ ಒಂದು ವಾಕ್ಯ ಪೇಪರಿಗೆ, ಪೇಪರಿನಿಂದ ವಾಟ್ಸಾಪಿಗೆ, ಅಲ್ಲಿಂದ ಯಾರದೋ ಚಿಕ್ಕಮ್ಮನ ಲೋಟಕ್ಕೆ ಹೋಗುತ್ತದೆ ಸರ್ ಎಂದೆ. ಅವರು ಒಪ್ಪಿದರು. ಇಂಥ ಕೋಶಗಳನ್ನು, ಇಷ್ಟು ಪ್ರಮಾಣದಲ್ಲಿ, ಪ್ಲೇಟಿನಲ್ಲಿ ಕೊಂದಿತು, ನೀರಿನ ಸಾರದಲ್ಲಿ ಈ ಗುಣ ಕಾಣಲಿಲ್ಲ ಎಂದಷ್ಟೇ ಬರೆದೆವು.

ಆದರೂ ಫೋನು ಬರುತ್ತವೆ. "ಮೇಡಂ, ನೀವು ಕ್ಯಾನ್ಸರಿಗೆ ಔಷಧಿ ಕಂಡುಹಿಡ್ದಿದೀರಂತೆ, ನಮ್ಮ ಭಾವನಿಗೆ ಸ್ವಲ್ಪ ಕೊಡಿ" ಎನ್ನುವ ದನಿಯಲ್ಲಿರುವ ಸಂಕಟ ನನಗೆ ಗೊತ್ತು, ಸಿಟ್ಟು ಮಾಡಲು ಮನಸ್ಸು ಬರುವುದಿಲ್ಲ. ಬಯಾಪ್ಸಿ ಆಗಿದೆಯಾ, ಎಲ್ಲಿ ತೋರಿಸುತ್ತಿದ್ದೀರಿ ಎಂದು ಮೊದಲು ಕೇಳುತ್ತೇನೆ. ಮೂಲಿಕೆ ಏನಾದರೂ ಕೊಡುತ್ತಿದ್ದರೆ ಡಾಕ್ಟರ ಬಳಿ ಮುಚ್ಚಿಡಬೇಡಿ ಎನ್ನುತ್ತೇನೆ. ಸೇಂಟ್ ಜಾನ್ಸ್ ವರ್ಟ್ ಎಂಬ ಮೂಲಿಕೆಯನ್ನು ಇರಿನೋಟೆಕಾನ್ ಜೊತೆ ತೆಗೆದುಕೊಂಡ ರೋಗಿಗಳ ರಕ್ತದಲ್ಲಿ ಆ ಔಷಧಿಯ ಕೆಲಸ ಮಾಡುವ ರೂಪ ಶೇ. 42ರಷ್ಟು ಇಳಿದದ್ದನ್ನು 2002ರಲ್ಲೇ ಅಳೆದಿದ್ದಾರೆ. ಮೂಲಿಕೆ ತಾನಾಗಿ ಏನೂ ಕೆಡುಕು ಮಾಡದಿದ್ದರೂ ಕೀಮೋವನ್ನು ನಿಷ್ಪ್ರಯೋಜಕ ಮಾಡಬಹುದು. ಲಕ್ಷ್ಮಣ ಫಲದ ಎಲೆ ಕುದಿಸಿ ಕುಡಿಯುತ್ತಿರುವವರೇ ಹೆಚ್ಚು. ಅದರಲ್ಲಿ ಅನೊನಾಸಿನ್ ಎಂಬ ನರಗಳಿಗೆ ವಿಷವಾದ ವಸ್ತು ಇದೆ; ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆ ಬಹಳ ಬಳಸುವವರಲ್ಲಿ ಪಾರ್ಕಿನ್ಸನ್ ಹೋಲುವ ಕಾಯಿಲೆ ಕಂಡದ್ದನ್ನು 1999ರಲ್ಲಿ ವರದಿ ಮಾಡಿದ್ದಾರೆ. ಇದನ್ನು ಹೇಳಿದರೆ ಕೆಲವರು ಫೋನ್ ಇಡುತ್ತಾರೆ. ಕೆಲವರು ಮತ್ತೆ ಮಾಡುತ್ತಾರೆ, ಆಸ್ಪತ್ರೆಯ ಚೀಟಿ ಹಿಡಿದುಕೊಂಡು.

ಲ್ಯಾಬಿನಲ್ಲಿ ಈಗ ನನ್ನ ನಂತರ ಬಂದ ಹುಡುಗಿ ಆ ಬಿಳಿ ಪುಡಿಯ ಒಂದು ತುದಿಗೆ ನೀರಿನೊಂದಿಗೆ ಹೊಂದುವ ಗುಂಪುಗಳನ್ನು ಜೋಡಿಸುತ್ತಿದ್ದಾಳೆ. ಕರಗುವ ಗುಣ ಬಂದರೆ ಕೊಲ್ಲುವ ಗುಣ ಕಡಿಮೆಯಾಗುತ್ತಿದೆ, ಕೊಲ್ಲುವುದು ಉಳಿದರೆ ಕರಗುತ್ತಿಲ್ಲ. ಚಿಕ್ಕಮ್ಮ ಚೆಕಪ್ಪಿಗೆ ಹೋಗಿ ಬರುತ್ತಿದ್ದಾರೆ, ಬೆರಳ ಜೋಮು ಪೂರ್ತಿ ಹೋಗಿಲ್ಲ.

ಫಲಿತಾಂಶವನ್ನು ಅಜ್ಜನಿಗೆ ಹೇಳಲು ಹೋದಾಗ ನನಗೆ ಅಳುಕಿತ್ತು. ನಿಮ್ಮ ಕಷಾಯದಲ್ಲಿ ಆ ವಸ್ತು ಇಳಿಯುವುದಿಲ್ಲ ಅಜ್ಜ ಎಂದೆ. ಅವರಿಗೆ ಬೇಸರವೇನೂ ಆಗಲಿಲ್ಲ. "ನಾನು ಅರ್ಬುದಕ್ಕೆ ಅಂತ ಯಾವತ್ತು ಕೊಟ್ಟಿದ್ದೆ ತಂಗಿ? ಹುಣ್ಣಿಗೆ ಕೊಟ್ಟಿದ್ದು, ಭೇದಿಗೆ ಕೊಟ್ಟಿದ್ದು. ಗಂಟು ಅಂತ ಬಂದೋರನ್ನೆಲ್ಲ ಶಿವಮೊಗ್ಗಕ್ಕೆ ಹೋಗಿ ಅಂತ್ಲೇ ಕಳ್ಸದು" ಎಂದರು. ಹುಣ್ಣಿಗೂ ಭೇದಿಗೂ ಅವರು ಕೊಡುವ ನೀರಿನ ಕಷಾಯದಲ್ಲಿ ತುಂಬಿರುವುದು ಟ್ಯಾನಿನ್. ಅದು ಒಸರುವ ಗಾಯವನ್ನು ಬಿಗಿಯುತ್ತದೆ, ಕರುಳಿನ ಒಸರನ್ನೂ ತಡೆಯುತ್ತದೆ. ಅವರ ಬಳಕೆ ಅವರ ಮಟ್ಟಿಗೆ ಸರಿಯಾಗಿಯೇ ಇತ್ತು. ಅರ್ಬುದ ಎಂಬುದನ್ನು ಅದಕ್ಕೆ ಸೇರಿಸಿದವರು ನಾವು, ಓದಿದವರು.

ಸಂಶೋಧನೆಯ ಸಾರವನ್ನು ಕನ್ನಡದಲ್ಲಿ ಒಂದು ಪುಟ ಬರೆದು ಪಂಚಾಯಿತಿಯ ಜೀವವೈವಿಧ್ಯ ದಾಖಲೆಗೆ ಕೊಡಲು ಒಯ್ದಿದ್ದೆ. ಮರ ತೋರಿಸಿದವರು ಯಾರು, ಯಾವ ಬಳಕೆ ಅವರದ್ದು, ಲ್ಯಾಬಿನಲ್ಲಿ ಕಂಡದ್ದೇನು, ಕಾಣದ್ದೇನು, ಕ್ಯಾನ್ಸರಿಗೆ ಇದನ್ನು ಕುಡಿಯಬಾರದು, ಇಷ್ಟು ಅದರಲ್ಲಿತ್ತು. ಅಜ್ಜ ಮೊಮ್ಮಗನ ಕೈಯಲ್ಲಿ ಓದಿಸಿಕೊಂಡರು. ಎಲ್ಲ ಕೇಳಿದ ಮೇಲೆ, ತಬ್ಬಿದರೆ ಎರಡೂ ಕೈ ಕೂಡುವಷ್ಟು ಸಣ್ಣ ಮರಕ್ಕೆ ಕತ್ತಿ ಹಾಕಬಾರದು, ಒಮ್ಮೆ ಸುಲಿದ ಮಗ್ಗುಲು ಕೂಡಿಕೊಳ್ಳುವ ತನಕ ಅದೇ ಮರದ ಹತ್ತಿರ ಹೋಗಬಾರದು ಅಂತ ಬರಿ ಎಂದರು. ಅಲ್ಲೇ ಜಗಲಿಯಲ್ಲಿ ಕೂತು ಬರೆದು, ಅವರ ಹೆಬ್ಬೆಟ್ಟು ಹಾಕಿಸಿಕೊಂಡು ಪಂಚಾಯಿತಿಗೆ ಕೊಟ್ಟು ಬಂದೆ.